ಅಡಿಗೆ ಪುಸ್ತಕದ ಅಂಚಿನಲ್ಲಿ ನಾನು ಬರೆದದ್ದು

ತಪ್ಪೆಲ್ಲ ನನ್ನ ಗಂಡನ ಕೊಲೆಸ್ಟ್ರಾಲಿನದು. ಅದು ಮೇಲೆ ಹೋಗದೆ ಇದ್ದಿದ್ದರೆ ನನ್ನ ಮಾನ ಕೆಳಗೆ ಬರುತ್ತಿರಲಿಲ್ಲ.

ನಮ್ಮದು ಫರಂಗಿಪೇಟೆ. ನಮ್ಮ ಯಜಮಾನರು ಉಮ್ಮರ್ ಅವರಿಗೆ ಹೆದ್ದಾರಿ ಬದಿಯಲ್ಲಿ ಪೈಂಟಿನ ಅಂಗಡಿ. ಡಾಕ್ಟರು ಅವರ ರಿಪೋರ್ಟು ನೋಡಿ, ಮೂರು ತಿಂಗಳು ಮಾಂಸ ಮುಟ್ಟಕೂಡದು ಎಂದು ರಾಜಾಜ್ಞೆ ಹೊರಡಿಸಿದರು. ಶುಕ್ರವಾರ ಮಾಂಸದ ಸಾರಿನ ಪರಿಮಳ ಬಾರದಿದ್ದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ನೆರೆಹೊರೆಯವರು ವಿಚಾರಿಸುವ ವಂಶ ನಮ್ಮದು. ನನಗೆ ಬರುತ್ತಿದ್ದ ಸಸ್ಯಾಹಾರ ಎರಡೇ: ದಾಲು ಮತ್ತು ಉಪ್ಪಿನಕಾಯಿ. (ಉಪ್ಪಿನಕಾಯಿ ಅಂಗಡಿಯದ್ದು.)

ಆಗ ಆಪದ್ಬಾಂಧವಿಯಾಗಿ ಬಂದವರು ಪಕ್ಕದ ಮನೆಯ ದಮಯಂತಿಯಕ್ಕ. ಅಂಗನವಾಡಿ ಟೀಚರಾಗಿದ್ದು ನಿವೃತ್ತರಾದವರು. ವಾಮದಪದವಿನ ತವರಿನಿಂದ ಮದುಮಗಳಾಗಿ ಬರುವಾಗ ಅವರ ತಾಯಿ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟು ಕಳಿಸಿದ್ದ ಸಸ್ಯಾಹಾರಿ ಅಡಿಗೆಯ ಪುಸ್ತಕವನ್ನು ನನಗೆ ಓದಲು ಕೊಟ್ಟರು. ರಟ್ಟು ಹೋಗಿದೆ, ಹೆಸರಿನ ಪುಟವೂ ಹೋಗಿದೆ. ಈಗ ಅದು ಶುರುವಾಗುವುದೇ "ಉಪ್ಪು ರುಚಿಗೆ ತಕ್ಕಷ್ಟು" ಎಂಬಲ್ಲಿಂದ.

ಆ ಪುಸ್ತಕದ ಸುಖವನ್ನು ಏನೆಂದು ಹೇಳಲಿ! ಪುಟದ ಮೇಲೆ ಅರಶಿನದ ಕಲೆ ಇದ್ದರೆ ಆ ಪದಾರ್ಥವನ್ನು ಕಣ್ಣು ಮುಚ್ಚಿ ಮಾಡಬಹುದು. ಪುಟ ಬೆಳ್ಳಗಿದ್ದರೆ ದೂರ ಇರುವುದು ಕ್ಷೇಮ. ಅಂಚಿನಲ್ಲಿ ದಮಯಂತಿಯಕ್ಕನ ತಾಯಿ ಮಸಿಯಲ್ಲಿ ಬರೆದಿದ್ದಾರೆ: "ಹೆಸರುಬೇಳೆ ಒಂದು ಹಿಡಿ ಸಾಲದು, ಎರಡು ಹಾಕು." ಅದರ ಕೆಳಗೆ ದಮಯಂತಿಯಕ್ಕನ ಬಾಲ್ ಪೆನ್ನು: "ಒಂದೇ ಸಾಕು. ಅಮ್ಮನ ಕೈ ಸಣ್ಣದು." ತಾಯಿ ಮಗಳ ಈ ಜಗಳ ಓದುತ್ತಾ ನಾನು ಎರಡು ಸಲ ಹಾಲು ಉಕ್ಕಿಸಿದ್ದೇನೆ. ತೊಂಡೆಕಾಯಿ ಪಲ್ಯ, ಸೌತೆಕಾಯಿ ಹುಳಿ, ಮಾವಿನಹಣ್ಣಿನ ಗೊಜ್ಜು ಎಂದು ದಿನಕ್ಕೊಂದು ಮಾಡುತ್ತಾ ಹೋದೆ. ಮೊದಲ ವಾರ ಮುಖ ಊದಿಸಿಕೊಂಡಿದ್ದ ಯಜಮಾನರು ಮೂರನೇ ವಾರ ಗೊಜ್ಜಿನ ಪಾತ್ರೆಯನ್ನೇ ಬಳಿದು ತಿಂದರು.

ಹುಮ್ಮಸ್ಸು ಏರಿತು ನೋಡಿ, ನಾನೂ ಅಂಚಿನಲ್ಲಿ ಬರೆಯತೊಡಗಿದೆ. ಪೆನ್ಸಿಲಿನಲ್ಲಿ ಬರೆಯುವುದು, ಹಿಂದೆ ಕೊಡುವ ಮೊದಲು ಉಜ್ಜಿಬಿಡುವುದು ಎಂದು ಲೆಕ್ಕ. ಅಡಿಗೆಯ ವಿಷಯ ಎಷ್ಟೆಂದು ಬರೆಯುವುದು? ಮನಸ್ಸಿನಲ್ಲಿದ್ದದ್ದೂ ಮೆಲ್ಲ ಬಂತು. ಇಲ್ಲಿ ನನ್ನ ಚಾಣಾಕ್ಷತನವನ್ನು ಗಮನಿಸಬೇಕು. ನನ್ನ ಅತ್ತೆ ಸಫಿಯಮ್ಮನಿಗೆ ಕನ್ನಡ ಓದಲು ಬರುವುದಿಲ್ಲ, ಬಸ್ಸಿನ ಬೋರ್ಡನ್ನೂ ಕೇಳಿಯೇ ಹತ್ತುವವರು. ಅವರಿಗೆ ಬರುವುದು ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ಮಾತ್ರ, ಆ ಅಕ್ಷರದಲ್ಲಿ ನಮ್ಮ ಬ್ಯಾರಿ ಮಾತನ್ನು ಬರೆದರೆ ಸರಾಗ ಓದುತ್ತಾರೆ. ದಮಯಂತಿಯಕ್ಕನಿಗೆ ಆ ಅಕ್ಷರದ ತಲೆಯೂ ಗೊತ್ತಿಲ್ಲ, ಬುಡವೂ ಗೊತ್ತಿಲ್ಲ. ಆದ್ದರಿಂದ ಅತ್ತೆಯ ಮೇಲಿನ ದೂರುಗಳನ್ನು ಕನ್ನಡದಲ್ಲೂ ದಮಯಂತಿಯಕ್ಕನ ಮೇಲಿನ ದೂರುಗಳನ್ನು ಅರಬಿ ಅಕ್ಷರದಲ್ಲೂ ಬರೆದೆ. ಯಾವ ಗುಪ್ತಚರ ಇಲಾಖೆಗೂ ಇಂಥ ಐಡಿಯಾ ಹೊಳೆದಿರಲಿಕ್ಕಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಳೆ ಇಳಿದ ಮೇಲೆ, ಸೋಣ ತಿಂಗಳಿನಲ್ಲಿ, ದಮಯಂತಿಯಕ್ಕನ ಮಗಳು ತೃಷಾಳ ಮದುವೆ ಎಂದು ನಿಶ್ಚಯವಾಯಿತು. ದಮಯಂತಿಯಕ್ಕ ಬೇಲಿಯ ಆಚೆಯಿಂದ ಕರೆದರು.

"ಹಫ್ಸಾ, ಪುಸ್ತಕ ಈ ವಾರ ಕೊಡು ಆಯ್ತಾ. ಅಮ್ಮ ನನಗೆ ಕೊಟ್ಟ ಹಾಗೆ ನಾನು ತೃಷಾಳಿಗೆ ಕೊಡುವುದು."

"ನಾಳೆಯೇ ಕೊಡ್ತೇನೆ ಅಕ್ಕ," ಎಂದೆ. ಹೊಸ ರಬ್ಬರನ್ನೂ ತರಿಸಿದೆ. ಅಷ್ಟರಲ್ಲಿ ಮೂಡುಬಿದಿರೆಯಲ್ಲಿ ನನ್ನ ತಂಗಿ ಸಾಲಿಹಾ ಹೆತ್ತಳು. ಬೆಳಿಗ್ಗೆಯೇ ಬಸ್ಸು ಹತ್ತಿದೆ. ಮಧ್ಯಾಹ್ನ ಮಗುವಿನ ಮೂಗು ಯಾರ ಹಾಗೆ ಉಂಟು ಎಂಬ ಚರ್ಚೆ ಜೋರಾಗಿದ್ದಾಗ ಅತ್ತೆಯ ಫೋನು ಬಂತು.

"ದಮಯಂತಿ ಬಂದು ಪುಸ್ತಕ ಕೇಳಿದಳು. ಕೊಟ್ಟೆ."

"ಕೊಟ್ಟದ್ದಾ? ಯಾಕೆ ಮಾಮಿ?"

"ಅವಳ ಪುಸ್ತಕ ಅವಳಿಗೆ ಕೊಡ್ಲಿಕ್ಕೆ ನಿನ್ನ ಪರ್ಮಿಷನ್ ಬೇಕಾ? ನಾವಿಬ್ರು ಅವಳ ಜಗಲಿಯಲ್ಲಿ ಕೂತು ನೋಡ್ತಾ ಇದ್ದೇವೆ. ನೀನು ನಿಧಾನ ಬಾ."

ನಾವಿಬ್ರು! ಒಬ್ಬರಿಗೆ ಗೊತ್ತಿಲ್ಲದ ಅಕ್ಷರ ಇನ್ನೊಬ್ಬರಿಗೆ ಗೊತ್ತು ಎಂಬ ಸಣ್ಣ ಸಂಗತಿ ನನ್ನ ಮಹಾಮಂಡೆಗೆ ಹೊಳೆದದ್ದು ಆಗಲೇ. ಮಗುವಿನ ಮೂಗನ್ನು ಅಲ್ಲಿಗೇ ಬಿಟ್ಟು ಓಡಿದೆ. ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸುವಾಗ ಕೈಚೀಲದಲ್ಲಿ ರಬ್ಬರು ಸಿಕ್ಕಿತು. ಅದನ್ನು ನೋಡಿ ಅಳು ಬಂತು.

ದಮಯಂತಿಯಕ್ಕನ ಜಗಲಿಗೆ ಬಂದು ಮುಟ್ಟಿದಾಗ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು. ಒಬ್ಬರು ಓದಿ ತುಳುವಿನಲ್ಲಿ ಹೇಳುವುದು, ಇನ್ನೊಬ್ಬರು ಹೊಟ್ಟೆ ಹಿಡಿದುಕೊಂಡು ನಗುವುದು. (ಅವರು ಮಾತಾಡಿದ್ದು ತುಳು. ನನ್ನ ಮರ್ಯಾದೆ ಹೋದದ್ದು ಎಲ್ಲ ಭಾಷೆಯಲ್ಲಿ.)

"ಬಾ ಬಾ, ದೊಡ್ಡ ಲೇಖಕಿ," ಎಂದರು ದಮಯಂತಿಯಕ್ಕ. "ಸಫಿಯಮ್ಮ, ಇದು ನಿಮ್ಮದು ಕೇಳಿ. 'ನಾಲ್ಕು ಮೆಣಸು ಎಂದು ಬರೆದಿದೆ. ಅತ್ತೆಯ ನಾಲಿಗೆಯಲ್ಲೇ ಆರು ಉಂಟು, ಎರಡು ಹಾಕಿದರೆ ಸಾಕು.'"

"ನನಗೆ ಆರೇ? ಸ್ವಲ್ಪ ಕಡಿಮೆ ಆಯ್ತು," ಎಂದರು ಅತ್ತೆ, ಕನ್ನಡಕ ಸರಿಮಾಡಿಕೊಂಡು. "ಈಗ ನಿನ್ನದು ಕೇಳು ದಮಯಂತಿ. 'ಪಕ್ಕದ ಮನೆಯ ಪಾಯಸದಲ್ಲಿ ಬೆಲ್ಲ ಹುಡುಕಬೇಕಾದರೆ ದೋಣಿ ಬೇಕು.'"

ನನಗೆ ನಾಚಿಕೆಯಾಯಿತು. ತಲೆಯ ಶಾಲನ್ನು ಮೂಗಿನವರೆಗೆ ಎಳೆದುಕೊಂಡೆ. ಇಬ್ಬರೂ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ತಪ್ಪಾಯಿತು ಅಕ್ಕ. ಕೊಡಿ, ಎಲ್ಲ ಉಜ್ಜಿ ಕೊಡ್ತೇನೆ."

"ಮುಟ್ಟಬೇಡ! ತೃಷಾಳಿಗೆ ಇದು ಹೀಗೆಯೇ ಹೋಗುವುದು. ಅತ್ತೆ ಮನೆಗೆ ಹೋಗುವ ಹುಡುಗಿ ಅಲ್ವಾ, ಉಪಯೋಗಕ್ಕೆ ಬರ್ತದೆ."

ಬದುಕಿದೆ ಎಂದುಕೊಂಡೆ. ಆಗ ದಮಯಂತಿಯಕ್ಕ ಪುಟ ತಿರುಗಿಸಿದರು. "ಇದೊಂದು ಬಾಕಿ ಉಂಟು. ಪತ್ರೊಡೆಯದ್ದು. ಸಫಿಯಮ್ಮ, ಇದರಲ್ಲಿ ಎಂಥ ಬರೆದದ್ದು?"

ಅಲ್ಲಿ ಬರೆದದ್ದನ್ನು ನಿಮಗೆ ಹೇಳಲೇಬೇಕು: "ದಮಯಂತಿಯಕ್ಕ ಕೆಸುವಿನ ಎಲೆಗೆ ಹುಣಸೆ ಸಾಕಷ್ಟು ಹಾಕುವುದಿಲ್ಲ, ಪತ್ರೊಡೆ ತಿಂದರೆ ಗಂಟಲು ತುರಿಸುತ್ತದೆ. ಆರು ವರ್ಷದಿಂದ ಕೋಳಿಗೆ ಹಾಕುತ್ತಿದ್ದೇನೆ. ಈಗ ಕೋಳಿಗಳೂ ಓಡುತ್ತವೆ." ಈ ಆರು ವರ್ಷವೂ ಆಟಿ ತಿಂಗಳ ಜಡಿಮಳೆಯಲ್ಲಿ ಅವರು ಮೊಣಕಾಲು ನೋವಿನಲ್ಲೇ ನೀರು ಹರಿಯುವ ತೋಡಿನ ಬದಿಗೆ ಇಳಿದು ಎಲೆ ಕೊಯ್ದು, ಮೊದಲ ತಟ್ಟೆಯನ್ನು ನಮಗೇ ಕಳಿಸಿದ್ದಾರೆ. ನಾನು ತಟ್ಟೆ ತೊಳೆದು, ಅದರಲ್ಲಿ ನಾಲ್ಕು ಬಾಳೆಹಣ್ಣು ಇಟ್ಟು, "ಭಾರೀ ಲಾಯ್ಕ್ ಆಗಿತ್ತು ಅಕ್ಕ" ಎಂದು ಹಿಂದೆ ಕೊಟ್ಟಿದ್ದೇನೆ. ಪಾಯಸದ ಮಾತಿಗೆ ನಗಬಹುದು. ಇದಕ್ಕೆ ಯಾರೂ ನಗಲಾರರು. ನನ್ನಂಥ ಕೃತಘ್ನೆ ಈ ತಾಲೂಕಿನಲ್ಲೇ ಇರಲಿಕ್ಕಿಲ್ಲ ಎಂದು ಆ ಕ್ಷಣ ನನಗೆ ಅನಿಸಿತು.

ಅತ್ತೆ ಪುಟ ನೋಡಿದರು. ನನ್ನನ್ನು ನೋಡಿದರು. ಪುನಃ ಪುಟ ನೋಡಿದರು.

"ಇದಾ? 'ದಮಯಂತಿಯಕ್ಕನ ಪತ್ರೊಡೆಗೆ ಈ ಪುಸ್ತಕದ ಪತ್ರೊಡೆ ಸಮ ಅಲ್ಲ. ಒಂದು ತಟ್ಟೆ ನನಗೆ ಎಲ್ಲಿಗೂ ಸಾಲುವುದಿಲ್ಲ, ಆದರೆ ಇನ್ನೂ ಬೇಕು ಅಂತ ಕೇಳ್ಲಿಕ್ಕೆ ನಾಚಿಕೆ' ಅಂತ ಬರೆದಿದ್ದಾಳೆ."

ಸುಳ್ಳು ಹೇಳಿದವರನ್ನು ಹತ್ತಿರ ಸೇರಿಸದ ನನ್ನ ಅತ್ತೆ! ದಮಯಂತಿಯಕ್ಕನ ಕಣ್ಣು ತುಂಬಿ ಬಂತು. "ಅಯ್ಯೋ ಮಾರಾಯ್ತಿ, ನನ್ನ ಹತ್ರ ಕೇಳ್ಲಿಕ್ಕೆ ಎಂಥ ನಾಚಿಕೆ?" ಎನ್ನುತ್ತಾ ಒಳಗೆ ಹೋಗಿ, ಬೆಳಿಗ್ಗೆ ಬೇಯಿಸಿದ ಪತ್ರೊಡೆಯನ್ನು ಪಾತ್ರೆ ಸಮೇತ ತಂದು ನನ್ನ ಮುಂದೆ ಇಟ್ಟರು.

"ತಿನ್ನು, ತಿನ್ನು. ನಮ್ಮವರಿಗೆ ಗ್ಯಾಸ್ಟ್ರಿಕ್ ಅಂತ ಈ ಸಲ ಹುಣಸೆ ಹಾಕ್ಲೇ ಇಲ್ಲ."

"ನೀವೂ ತೆಗೊಳ್ಳಿ ಮಾಮಿ," ಎಂದೆ, ಮುಳುಗುವವಳ ಸ್ವರದಲ್ಲಿ.

"ನನಗೆ ಬೇಡ. ಪಾಪ, ಆರು ವರ್ಷದಿಂದ ಅವಳಿಗೆ ಸಾಕಾಗ್ಲಿಲ್ಲ. ಎಲ್ಲ ಅವಳಿಗೇ ಹಾಕು ದಮಯಂತಿ."

ಐದು ತುಂಡು ತಿಂದೆ. ಎರಡನೆಯದಕ್ಕೆ ಗಂಟಲು ತುರಿಸಲು ಶುರುವಾಯಿತು. ನಾಲ್ಕನೆಯದಕ್ಕೆ ಸ್ವರ ನಿಂತಿತು. ಕಣ್ಣಲ್ಲಿ ನೀರು ಸುರಿಯುವುದನ್ನು ಕಂಡು ದಮಯಂತಿಯಕ್ಕ ನನ್ನ ಬೆನ್ನು ಸವರಿದರು. ಆಮೇಲೆ ಬಾಲ್ ಪೆನ್ನು ತಂದು ಪತ್ರೊಡೆಯ ಪುಟದಲ್ಲಿ, ನನ್ನ ಪೆನ್ಸಿಲಿನ ಗೀಚಿನ ಕೆಳಗೆ, ದುಂಡಗೆ ಬರೆದರು: "ಮಗಳೇ, ಇದಕ್ಕೆ ಹುಣಸೆ ಹಾಕಲೇಬಾರದು. ಹಫ್ಸಕ್ಕ ತಿಂದು ನೋಡಿ ಹೇಳಿದ್ದು."

ಪೆನ್ನನ್ನು ನನ್ನ ಕಡೆ ಚಾಚಿದರು. "ಸಹಿ ಹಾಕು. ತೃಷಾಳ ಅತ್ತೆಯೂ ನಂಬಬೇಕಲ್ಲ."

ಬೇಡ ಎನ್ನಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಯಾವ ಅಕ್ಷರದಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದೆ.

"ಎರಡರಲ್ಲೂ ಹಾಕು," ಎಂದರು ನನ್ನ ಅತ್ತೆ.