ಜೋಪಾನವಾಗಿ ಇಟ್ಟ ಚಾವಿ

ನಾನು ಯಾವ ವಸ್ತುವನ್ನೂ ಕಳೆಯುವುದಿಲ್ಲ, ಜೋಪಾನವಾಗಿ ಇಡುತ್ತೇನೆ. ಇವೆರಡರ ನಡುವಿನ ವ್ಯತ್ಯಾಸ ನನ್ನ ಹೆಂಡತಿ ಗಿರಿಜಾಗೆ ಮೂವತ್ತು ವರ್ಷವಾದರೂ ಅರ್ಥವಾಗಿಲ್ಲ. ಕಳೆದ ವಸ್ತು ಎಲ್ಲೋ ಬಿದ್ದಿರುತ್ತದೆ, ಯಾರಿಗಾದರೂ ಸಿಗುತ್ತದೆ. ಜೋಪಾನವಾಗಿ ಇಟ್ಟದ್ದು ಮಾತ್ರ ಯಾರಿಗೂ ಸಿಗುವುದಿಲ್ಲ, ಇಟ್ಟವನಿಗೂ. ಯಲಬುರ್ಗಾದ ಒಂದು ಕಚೇರಿಯಲ್ಲಿ ನಾನು ದಾಖಲೆ ಕೋಣೆಯ ಗುಮಾಸ್ತ. ಒಮ್ಮೆ ಕಪಾಟಿನ ಚಾವಿ ಯಾರ ಕೈಗೂ ಸಿಗಬಾರದೆಂದು ಅದನ್ನು ಕಪಾಟಿನೊಳಗೇ ಇಟ್ಟು ಬಾಗಿಲು ಎಳೆದುಬಿಟ್ಟೆ. ಇದಕ್ಕಿಂತ ಜೋಪಾನ ಇನ್ನೇನು ಬೇಕು? ಆದರೆ ಸಾಹೇಬರು ಬೈದರು.

ಇಷ್ಟು ವರ್ಷ ಬಸ್ಸಿನಲ್ಲೇ ಓಡಾಡಿದ ನಾನು ಈಚೆಗೆ ಕಾರು ತೆಗೆದುಕೊಂಡಿದ್ದಕ್ಕೆ ಅಂಗಡಿಯವನ ಒಂದೇ ಒಂದು ಮಾತು ಕಾರಣ. ‘ಸರ್, ಇದಕ್ಕ ಚಾವಿ ಬೇಕಾಗಿಲ್ರಿ. ನಿಮ್ಮ ಮೊಬೈಲೇ ಚಾವಿ. ಕಿಸೆದಾಗ ಇಟ್ಕೊಂಡು ಹತ್ರ ಹೋದ್ರ ತಾನಾ ತೆರಿತೈತಿ, ದೂರ ಹೋದ್ರ ತಾನಾ ಮುಚ್ಕೋತೈತಿ.’ ನನ್ನಂಥವನಿಗಾಗಿಯೇ ಯಾವನೋ ಪುಣ್ಯಾತ್ಮ ಹಗಲಿರುಳು ಕೂತು ಕಂಡುಹಿಡಿದಿದ್ದಾನೆ ಎನಿಸಿ ಕಣ್ಣು ತುಂಬಿ ಬಂತು. ಹೆಚ್ಚುವರಿಯಾಗಿ ಎಲೆಕ್ಟ್ರಾನಿಕ್ ಚಾವಿಯೊಂದನ್ನೂ ಕೊಟ್ಟ. ಖರ್ಜೂರದ ಹಣ್ಣಿನಷ್ಟೇ ಉದ್ದದ ಕರಿ ಗುಂಡು. ಅದು ಹತ್ತಿರವಿದ್ದರೂ ಕಾರು ತೆರೆಯುತ್ತದಂತೆ. ಅದನ್ನು ಏನು ಮಾಡಿದೆ ಎಂದು ನೀವು ಕೇಳಬಾರದು.

ಗಿರಿಜಾ ಕೇಳಿದಳು. ಆ ಶುಕ್ರವಾರ ಕಾರಟಗಿಯಲ್ಲಿ ಮಗಳ ಕುಬಸ. ಮೊದಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊರಲಾರದಷ್ಟು ತಿಂಡಿ ಒಯ್ದು ಉಡಿ ತುಂಬುವ ಸಂಭ್ರಮ. ಹೊಸ ಕಾರಿನಲ್ಲಿ ಬೀಗರ ಬಾಗಿಲಿಗೆ ಇಳಿಯಬೇಕೆಂಬುದು ನನ್ನ ಹಟ. ಸೀರೆ, ಬಳೆ, ಶೇಂಗಾ ಹೋಳಿಗೆ, ಕರಿಗಡಬು ಎಲ್ಲ ಡಿಕ್ಕಿ ಸೇರಿದವು. ಅರಿಶಿನ ಕುಂಕುಮದ ಸ್ಟೀಲ್ ಡಬ್ಬಿಯನ್ನು ಮಾತ್ರ ಗಿರಿಜಾ ತೊಡೆಯ ಮೇಲಿಟ್ಟುಕೊಂಡಳು.

‘ಏನ್ರಿ, ಆ ಸಣ್ಣ ಚಾವಿ ಎಲ್ಲೈತಿ?’

‘ಜೋಪಾನಾಗಿ ಇಟ್ಟೀನಿ.’

‘ಅದಾ, ಎಲ್ಲಿ ಅಂತ?’

‘ಎಲ್ಲಿ ಅಂತ ಹೇಳಿದ್ರ ಜೋಪಾನ ಹೆಂಗಾಗ್ತದ? ನಿನಗ ಜವಾಬ್ದಾರಿ ಅನ್ನೋದು ಗೊತ್ತಿಲ್ಲ, ಸುಮ್ನ ಕೂಡು’ ಎಂದು ಗದರಿಸಿದೆ. ನಿಜ ಹೇಳಬೇಕೆಂದರೆ, ಎಲ್ಲಿಟ್ಟಿದ್ದೆನೆಂದು ಆಗಲೇ ನನಗೂ ನೆನಪಿರಲಿಲ್ಲ.

ಗಂಗಾವತಿ ದಾಟಿ ಒಂಬತ್ತೂವರೆಗೆ ಕಾರಟಗಿ ಮುಟ್ಟಿದೆವು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಉಡಿ ತುಂಬಬೇಕು. ಸಾಮಾನು ಇಳಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಳದ ತುಂಬ ಜನ ನೋಡುತ್ತಿರುವಾಗ ಕಾರಿನ ಕರಾಮತ್ತು ತೋರಿಸದಿದ್ದರೆ ಹೇಗೆ? ‘ನೋಡ್ರಿ ಬೀಗರ’ ಎಂದು ಹತ್ತು ಹೆಜ್ಜೆ ನಡೆದೆ. ಕಾರು ಕುಂಯ್ ಎಂದು ಬೀಗ ಹಾಕಿಕೊಂಡಿತು. ಅಕ್ಕಿ ಗಿರಣಿಯ ಮಾಲೀಕರಾದ ಬೀಗರಿಗೆ ಖುಷಿಯೋ ಖುಷಿ. ‘ಭಾಳ ಛಲೋ ಐತ್ರಿ. ಪೂಜಿ ಆಗೈತಿಲ್ಲೋ?’ ಎಂದರು. ಇಲ್ಲ ಎಂದೆ. ‘ಹಂಗಾರ ಅಯ್ಯನವರು ಇಲ್ಲೇ ಅದಾರ. ಪೂಜಿ ಮಾಡೇ ಸಾಮಾನ ಇಳಸೋಣು.’

ಅಯ್ಯನವರು ಬಂದು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ತಟ್ಟೆ ಮುಂದೆ ಹಿಡಿದು, ‘ಚಾವಿ ಇಡ್ರಿ’ ಎಂದರು.

ನಾನು ಎದೆಯುಬ್ಬಿಸಿ ಮೊಬೈಲ್ ಇಟ್ಟೆ.

‘ಫೋನ್ ಅಲ್ರಿ, ಚಾವಿ.’

‘ಇದಾ ಚಾವಿ ರೀ ಅಯ್ಯನವರ.’

ಅವರು ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದರು. ಹಳೆಯ ಮನುಷ್ಯ, ಚಾವಿ ಎಂದ ಮೇಲೆ ಚಾವಿಗೆ ಆಗಬೇಕಾದ ಸಂಸ್ಕಾರವೆಲ್ಲ ಆಗಲೇಬೇಕು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು, ಕುಂಕುಮ ಇಟ್ಟರು, ಹೂ ಏರಿಸಿದರು. ನಾನು ಕಣ್ಣು ಮುಚ್ಚಿ ಕೈಮುಗಿದಿದ್ದೆ. ಕಣ್ಣು ಬಿಡುವಷ್ಟರಲ್ಲಿ ತೆಂಗಿನಕಾಯಿ ಒಡೆದಿದ್ದರು. ಒಳಗಿನ ನೀರನ್ನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಭಕ್ತಿಯಿಂದ ಚಾವಿಯ ಮೇಲೆ ಸುರಿಯುತ್ತಿದ್ದರು. ಮೊಬೈಲ್ ಎರಡು ಸಲ ಬೆಳಗಿ, ಶಿವಾ ಎಂದು ಆರಿಹೋಯಿತು. ಚಾವಿ ದೂರ ಹೋಯಿತೆಂದುಕೊಂಡ ಕಾರು ಕುಂಯ್ ಎಂದು ಬೀಗ ಹಾಕಿಕೊಂಡಿತು.

ಕಾರಿನ ಹಿಡಿಕೆ ಎಳೆದೆ. ಬರಲಿಲ್ಲ. ಮೊಬೈಲ್ ಒರೆಸಿ ಎಳೆದೆ. ಕಾರಿಗೆ ನನ್ನ ಗುರುತೇ ಸಿಗಲಿಲ್ಲ. ಡಿಕ್ಕಿಯ ಗಾಜಿನಾಚೆ ಹಸಿರು ಸೀರೆಯ ಗಂಟು ಕಾಣುತ್ತಿತ್ತು. ತವರಿನ ಸೀರೆ ಉಡದೆ ಮಗಳು ಮಣೆಯ ಮೇಲೆ ಕೂರುವಂತಿಲ್ಲ. ಹತ್ತು ಗಂಟೆ ಹೊಡೆಯಿತು. ಒಬ್ಬರು ಗಾಜು ಒಡಿಯೋಣ ಎಂದರು, ಇನ್ನೊಬ್ಬರು ನೂಕಿ ನೋಡೋಣ ಎಂದರು. ನೂಕಿದರೆ ಬಾಗಿಲು ಹೇಗೆ ತೆರೆಯುತ್ತದೆಂದು ಕೇಳುವ ಧೈರ್ಯ ನನಗಿರಲಿಲ್ಲ. ಮಗಳು ಬಾಗಿಲಲ್ಲಿ ನಿಂತು, ‘ಅಪ್ಪಾ, ಇವತ್ತಾದ್ರೂ...’ ಎಂದು ಅಷ್ಟಕ್ಕೇ ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು ಕಂಡು ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

‘ಒದ್ದಿ ಆದ ಮೊಬೈಲ್ ಅಕ್ಕ್ಯಾಗ ಇಟ್ರ ಬದುಕ್ತೈತಿ’ ಎಂದು ಯಾರೋ ಅಂದರು. ಅಕ್ಕಿ ಎಂದದ್ದೇ ತಡ, ಬೀಗರಿಗೆ ಹುರುಪು ಬಂತು. ‘ನಮ್ಮ ಗಿರಣಿದು, ಎರಡು ವರ್ಷದ ಹಳೇ ಅಕ್ಕಿ. ಸಮುದ್ರ ಇದ್ರೂ ಹೀರತೈತಿ’ ಎನ್ನುತ್ತ, ಉಡಿ ತುಂಬಲು ಮೊರದಲ್ಲಿ ಎತ್ತಿಟ್ಟಿದ್ದ ಅಕ್ಕಿಯಲ್ಲೇ ಮೊಬೈಲ್ ಹೂತರು. ಬೀಗರ ತಾಯಿಗೆ ಕಣ್ಣು ಮಂಜು. ಮೊರದಲ್ಲಿ ಅಕ್ಕಿ, ಸುತ್ತ ಹೆಂಗಸರು. ಉಡಿ ಶುರುವಾಯಿತೆಂದೇ ತಿಳಿದ ಮುದುಕಿ, ‘ಗಂಡುಮಗ ಹುಟ್ಲೆವ್ವಾ’ ಎಂದು ಮೊಬೈಲಿನ ಮೇಲೆ ಐದು ಹಿಡಿ ಅಕ್ಕಿ ಹಾಕಿ ಹರಸಿಬಿಟ್ಟಿತು. ಹೀಗೆ ನನ್ನ ಮಗಳಿಗಿಂತ ಮೊದಲು ನನ್ನ ಮೊಬೈಲಿನ ಕುಬಸವಾಯಿತು.

‘ಗಿರಿಜವ್ವಾ, ಕುಂಕುಮ ಹಚ್ಚು’ ಎಂದಿತು ಮುದುಕಿ. ಹಿರಿಯರ ಮಾತು ಮೀರಬಾರದೆಂದು ಗಿರಿಜಾ ಬೆಳಗಿನಿಂದ ಕೈಬಿಡದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಬೆರಳು ಹಾಕಿದಳು. ಬೆರಳಿಗೆ ಏನೋ ತಾಕಿತು. ಎತ್ತಿದಳು. ಅರಿಶಿನ ಮೆತ್ತಿಕೊಂಡ, ಖರ್ಜೂರದ ಹಣ್ಣಿನಷ್ಟು ಉದ್ದದ ಗುಂಡು.

ಆಗ ಎಲ್ಲ ನೆನಪಾಯಿತು. ಗಿರಿಜಾ ಯಾವುದನ್ನು ಮರೆತರೂ ಅರಿಶಿನ ಕುಂಕುಮ ಮರೆಯುವುದಿಲ್ಲವೆಂದು ನಾನೇ ಹಿಂದಿನ ದಿನ ಅದರಲ್ಲಿ ಹುದುಗಿಸಿದ್ದೆ. ಸ್ಟೀಲ್ ಡಬ್ಬಿಯೊಳಗಿನ ಚಾವಿ ಕಾರಿಗೂ ಗೊತ್ತಾಗುವುದಿಲ್ಲವೆಂದು ಆಮೇಲೆ ಅಂಗಡಿಯವನು ಹೇಳಿದ. ನನ್ನ ಜೋಪಾನ ಅಂಥದ್ದು.

ಗಿರಿಜಾ ಗುಂಡಿಗೆ ಮೆತ್ತಿದ ಅರಿಶಿನವನ್ನು ಸೆರಗಿನಿಂದ ಒರೆಸಿದಳು. ನೇರ ಕಾರಿನ ಹತ್ತಿರ ನಡೆದು ಹಿಡಿಕೆ ಮುಟ್ಟಿದಳು. ಕಾರು ಕುಂಯ್ ಎಂದು ತೆರೆದುಕೊಂಡಿತು. ಹತ್ತೂವರೆಗೆ ಇನ್ನೂ ಐದು ನಿಮಿಷ ಇರುವಾಗ ಮಗಳು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಳು.

ಉಡಿ ತುಂಬಿಸಿಕೊಂಡ ಮೊಬೈಲ್ ಇಂದಿಗೂ ಬಾಯಿಬಿಟ್ಟಿಲ್ಲ. ದುರಸ್ತಿಯವನು ಅಲ್ಲಾಡಿಸಿದಾಗ ಎರಡು ಅಕ್ಕಿಕಾಳು ಉದುರಿದವು ಅಷ್ಟೆ. ಎಲೆಕ್ಟ್ರಾನಿಕ್ ಚಾವಿ ಇದೆ, ಕಾರೂ ಮನೆ ಮುಂದೆಯೇ ನಿಂತಿದೆ. ಆದರೆ ನಾನು ಕಚೇರಿಗೆ ಮತ್ತೆ ಬಸ್ಸಿನಲ್ಲೇ ಹೋಗುತ್ತಿದ್ದೇನೆ. ದಿನಾ ಬೆಳಗ್ಗೆ, ‘ಗಿರಿಜಾ, ಚಾವಿ ಎಲ್ಲಿಟ್ಟಿ?’ ಎಂದು ಕೇಳುತ್ತೇನೆ.

‘ಜೋಪಾನಾಗಿ ಇಟ್ಟೀನ್ರಿ’ ಎನ್ನುತ್ತಾಳೆ.