ಬಂಡ್ರಿಯ ಜ್ವಾಲಾಮುಖಿಗೆ ವಯಸ್ಸೆಷ್ಟು?

ಕಲ್ಲಿನ ವಯಸ್ಸು ಹೇಳುವುದು ನನ್ನ ಕಸುಬು. ಮನುಷ್ಯರ ಜೊತೆ ಜಗಳವಿಲ್ಲದೆ ಬದುಕಬಹುದು ಅಂತಲೇ ಭೂವಿಜ್ಞಾನ ಓದಿದವನು ನಾನು. ಆದರೆ ಹೊಸಪೇಟೆಯ ಕಾಲೇಜಿನಲ್ಲಿ ಮೇಷ್ಟ್ರಾಗಿ, ಅದೂ ಕೆಂಪು ಧೂಳಿಗೆ ಬಂಗಾರದ ಬೆಲೆ ಬಂದಿದ್ದ ಆ ಗಣಿ ವರ್ಷಗಳಲ್ಲಿ, ಕೈಯಲ್ಲಿ ಕಲ್ಲು ಹಿಡಿದಾಗಲೆಲ್ಲ ಜಗಳ ತಾನಾಗಿ ಎದುರು ಬರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ಆಗ ಮೈ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ ಈಗಲೂ ಸ್ವಲ್ಪ ಉರಿಯುತ್ತದೆ.

ಪರ್ಮಿಟ್

ಸಂಡೂರಿನ ಬೆಟ್ಟಗಳಲ್ಲಿ ಎಲ್ಲರಿಗೂ ಕಾಣುವುದು ಕಬ್ಬಿಣದ ಅದಿರು. ನಾನು ಹುಡುಕುತ್ತಿದ್ದುದು ಲಾವಾ. ಮನುಷ್ಯನ ಸುಳಿವೇ ಇಲ್ಲದ ಕಾಲದಲ್ಲಿ ಇಲ್ಲಿ ಜ್ವಾಲಾಮುಖಿಗಳಿದ್ದವು. ಅವು ಉಗುಳಿದ ಕಲ್ಲು ಇನ್ನೂ ಇದೆ. ಒಂದು ಮಧ್ಯಾಹ್ನ ಅಂಥ ನಾಲ್ಕು ಕಲ್ಲುಗಳನ್ನು ಬಟ್ಟೆ ಚೀಲದಲ್ಲಿ ಹಾಕಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುತ್ತಿದ್ದೆ. ಚೆಕ್‌ಪೋಸ್ಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

“ಚೀಲದಾಗ ಏನ್ರಿ?”

“ಕಲ್ಲು. ಕಾಲೇಜಿಗೆ.”

“ಪರ್ಮಿಟ್ ತೋರಸ್ರಿ.”

“ಇದು ಅದಿರಲ್ಲಪ್ಪ, ಲಾವಾ.”

“ಲಾವಾನೋ ಗೀವಾನೋ, ನೆಲದಾಗಿಂದ ತಗದದ್ದು ಹೌದಲ್ರಿ?”

ನಮ್ಮ ಪಕ್ಕದಲ್ಲೇ ಅದಿರಿನ ಲಾರಿಗಳು, ಹೊರಲಾರದಷ್ಟು ಹೊತ್ತು, ಒಂದರ ಹಿಂದೊಂದು ಸಾಗುತ್ತಿದ್ದವು. ಒಂದಕ್ಕೂ ಅವನ ಕೈ ಅಡ್ಡ ಹೋಗಲಿಲ್ಲ. ನನಗೆ ರೇಗಿತು. “ಅವನ್ನ ಯಾಕ ಕೇಳಂಗಿಲ್ಲ ನೀನು?” ಅಂದೆ.

ಅವನು ಲಾರಿಗಳ ಕಡೆ ನೋಡಿದ, ನನ್ನ ಕಡೆ ನೋಡಿದ. ತುಂಬ ಸಮಾಧಾನದಿಂದ ಹೇಳಿದ: “ಅವು ಭಾಳ ಅದಾವ್ರಿ ಸರ. ನೀವು ಒಬ್ರೇ ಇದ್ದೀರಿ.”

ನಂಬರ್ ಹಾಕಿದ ದಿಂಬುಗಳು

ಲಾವಾ ನೀರಿನೊಳಗೆ ಉಕ್ಕಿದರೆ ಹೊರಮೈ ತಟ್ಟನೆ ಆರಿ, ಉಂಡೆ ಉಂಡೆಯಾಗಿ, ತಲೆದಿಂಬು ಒಟ್ಟಿದ ಹಾಗೆ ಗಟ್ಟಿಯಾಗುತ್ತದೆ. ಅಂಥ ಕಲ್ದಿಂಬುಗಳ ಸಾಲೊಂದು ರಸ್ತೆ ಬದಿಯಲ್ಲೇ ಸಿಕ್ಕಿತ್ತು. ಈಗಿನ ಈ ಬಿಸಿಲ ನಾಡಿನಲ್ಲಿ ಒಮ್ಮೆ ಸಮುದ್ರವಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ವಿದ್ಯಾರ್ಥಿಗಳಿಗೆ ತೋರಿಸಲೆಂದು ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರ್ ಬರೆದು ಬಂದೆ.

ಮುಂದಿನ ವಾರ ಬಸ್ಸು ಮಾಡಿಕೊಂಡು ಹೋದರೆ ಸಮುದ್ರವೂ ಇಲ್ಲ, ದಿಂಬೂ ಇಲ್ಲ. ಜಲ್ಲಿ ರಾಶಿ ಬಿದ್ದಿದೆ. ರಸ್ತೆ ಕೆಲಸದ ಮೇಸ್ತ್ರಿ ಬಂಡೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಾನೆ.

“ಯಾರು ಒಡೀರಿ ಅಂದೋರು?” ಅಂತ ಕೂಗಿದೆ.

“ನೀವೇ ಅಲ್ರಿ ಸರ? ಒಡಿಯಾವು ಯಾವು ಅಂತ ನಂಬರ್ ಹಾಕಿ ಹೋಗಿದ್ರಿ.” ನನ್ನ ಮುಖ ನೋಡಿ ಅವನಿಗೂ ಪಾಪ ಅನಿಸಿರಬೇಕು. ತಾನು ಕೂತ ಬಂಡೆ ತಟ್ಟಿ ಹೇಳಿದ: “ಇದಕ್ಕ ನಂಬರ್ ಇದ್ದಿದ್ದಿಲ್ಲ. ಹಂಗಾಗಿ ಮುಟ್ಟಿಲ್ಲ ನೋಡ್ರಿ.”

ಮಾವನ ತಕ್ಕಡಿ

ಲಾವಾದ ನಡುವೆ ಸಿಕ್ಕಿದ ಬೂದಿಗಲ್ಲೊಂದನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದೆ. ಅದರೊಳಗಿನ ಮರಳಿಗಿಂತ ಸಣ್ಣ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆದರೆ ವಯಸ್ಸು ತಿಳಿಯುತ್ತದೆ. ಒಂದೂವರೆ ವರ್ಷ ಕಾದ ಮೇಲೆ ಉತ್ತರ ಬಂತು: ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು, ಒಂದು ಕೋಟಿ ವರ್ಷ ಆಚೀಚೆ. ಆ ಖುಷಿಯಲ್ಲಿ ಕಂಪ್ಲಿಗೆ ಹೋಗಿ, ಅಕ್ಕಿ ಗಿರಣಿ ನಡೆಸುವ ನನ್ನ ಸೋದರಮಾವನಿಗೆ ಕಾಗದ ತೋರಿಸಿದೆ.

ಮಾವ ಕನ್ನಡಕ ಏರಿಸಿ ಓದಿದರು. “ಒಂದು ಕೋಟಿ ವರ್ಷ ಆಚೀಚೆ ಅಂದ್ರ?”

“ಅಷ್ಟು ತಪ್ಪಿರಬಹುದು ಅಂತ. ಇದು ಭಾಳ ನಿಖರ, ಮಾವ.”

“ನಮ್ಮ ತಕ್ಕಡಿಯಾಗ ಅರ್ಧ ಕಿಲೋ ಆಚೀಚೆ ಆದ್ರ ಎಮ್ಮಿಗನೂರಿನ ರೈತ್ರು ಕಾಲರ್ ಹಿಡೀತಾರ,” ಅಂದರು ಮಾವ, ಕಾಗದ ಮಡಚಿ ಕೊಡುತ್ತ. “ನಿನ್ನ ಗಿರಾಕಿ ಕಲ್ಲು. ಬಾಯಿಲ್ಲ. ಅದಕ್ಕ ನಿನ್ನ ನೌಕರಿ ಉಳದೈತಿ.”

ಬಾಯಿ

ಬಂಡ್ರಿ ಹತ್ತಿರದ ಕುಳಿಯೊಂದನ್ನು ಕೊನೆಗೆ ಮುಚ್ಚಿಸಿದರು. ಮುಚ್ಚಿಸಿದ್ದು ನನ್ನ ವಿಜ್ಞಾನವಲ್ಲ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಗಣಿ ಗುತ್ತಿಗೆದಾರನೊಬ್ಬನ ಮ್ಯಾನೇಜರ್ ಕಾರು ಕಳಿಸಿದ್ದ. ಹೋಗಿ ನೋಡಿದರೆ ದುಂಡನೆಯ ದೊಡ್ಡ ಕುಳಿ, ತಳದಲ್ಲಿ ಕೆಂಪು ನೀರು, ಅಂಚಿನಲ್ಲಿ ಹೊಸ ಬೋರ್ಡು: ‘ಪ್ರಾಚೀನ ಜ್ವಾಲಾಮುಖಿಯ ಬಾಯಿ’. ಊರಿನವರ ದನಗಳು ಅದರೊಳಗೆ ಬಿದ್ದು ಸಾಯುತ್ತಿದ್ದವು. ಮುಚ್ಚಿ ಅಂತ ಅವರು ಅರ್ಜಿ ಕೊಟ್ಟಿದ್ದರು. ಪ್ರಕೃತಿ ತೋಡಿದ್ದು ಅಂತ ನಾನು ಬರೆದುಕೊಟ್ಟರೆ ಗುತ್ತಿಗೆದಾರ ಮುಚ್ಚಬೇಕಾಗಿಲ್ಲ. ಆವತ್ತೇ ತಾಲೂಕು ಕಚೇರಿಯ ಅಧಿಕಾರಿಯೊಬ್ಬರು ಪರಿಶೀಲನೆಗೆ ಬಂದಿದ್ದರು.

ನಾನು ಪಾಠದ ಹುಮ್ಮಸ್ಸಿನಲ್ಲಿ ಶುರು ಮಾಡಿದೆ. ಸಂಡೂರಿನ ಜ್ವಾಲಾಮುಖಿಗಳ ಬೆಟ್ಟಗಳೇ ಸವೆದು ಹೋಗಿವೆ, ಬಾಯಿ ಮಾತ್ರ ಹೇಗೆ ಉಳಿದೀತು? ಭೂಮಿ ಸಿಡಿದು ಆದ ಕುಳಿಯಾದರೆ ಸುತ್ತಲೂ ಬೂದಿ, ಎರಚಿದ ಬಂಡೆ ಇರಬೇಕು. ಇಲ್ಲಿ ಮಣ್ಣೆಲ್ಲ ಒಂದೇ ಕಡೆ ಗುಡ್ಡೆ ಬಿದ್ದಿದೆ, ಅದರ ಮೇಲೆ ಟಿಪ್ಪರ್ ಚಕ್ರದ ಗುರುತಿದೆ. ಗೋಡೆಯಲ್ಲಿ ನೆಟ್ಟಗೆ ಕೊರೆದ ತೂತುಗಳ ಸಾಲಿದೆ.

“ಆಗಿನ ಕಾಲದಾಗ ದೊಡ್ಡ ಹುಳ ಇದ್ದವಂತಲ್ರಿ ಸರ,” ಅಂದ ಮ್ಯಾನೇಜರ್.

ಇಪ್ಪತ್ತು ವರ್ಷದ ಪಾಠದಲ್ಲಿ ಅಂಥ ಹುಳ ನಾನು ಕಂಡಿರಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು. “ಮೇಷ್ಟ್ರೇ, ಒಂದೇ ಮಾತಿನಾಗ ಹೇಳ್ರಿ. ಇದು ಸ್ಫೋಟದಿಂದ ಆಗಿದ್ದು ಹೌದೋ ಅಲ್ಲೋ?”

ಸುಳ್ಳು ಹೇಳುವ ಹಾಗಿರಲಿಲ್ಲ. “ಸ್ಫೋಟದಿಂದಲೇ,” ಅಂದೆ.

ಮ್ಯಾನೇಜರನ ಮುಖ ಅರಳಿತು. ಅಧಿಕಾರಿ ಪೆನ್ನು ತೆಗೆದರು. “ಹಂಗಾದ್ರ ವಯಸ್ಸೆಷ್ಟು ಬರಕೊಳ್ಳಲಿ?”

ಅಷ್ಟರಲ್ಲಿ ಎಮ್ಮೆ ಹಗ್ಗ ಹಿಡಿದು ಆಗಿನಿಂದ ನಿಂತಿದ್ದ ಮುದುಕಿ ಮುಂದೆ ಬಂದಳು. ಪಕ್ಕದ ಹೊಲ ಅವಳದು. “ನನ್ನ ಕೇಳ್ರಿ,” ಅಂದಳು. “ಎರಡು ಸಲ ಶೇಂಗಾ ಕಿತ್ತೀನಿ, ಇದು ಹುಟ್ಟಿದ ಮ್ಯಾಲೆ.”

ಅಧಿಕಾರಿ ನಕ್ಕರು. “ಜ್ವಾಲಾಮುಖಿ ಸಿಡಿಯೋದು ನೀ ಕಣ್ಣಾರೆ ಕಂಡೀಯೇನಬೇ?”

“ಕಾಣದೇನ್ರಿ? ದಿನಾ ಮಧ್ಯಾಹ್ನ ಒಂದು ಗಂಟಿಗೆ ಸಿಡೀತಿತ್ತು,” ಅಂದಳು ಮುದುಕಿ, ಮ್ಯಾನೇಜರನ ಕಡೆ ಕೈ ತೋರಿಸಿ. “ಸಿಡಿಯೋಕಿಂತ ಮೊದ್ಲು ಈ ಸಾಹೇಬ್ರೇ ನಿಂತು ಸೀಟಿ ಊದ್ತಿದ್ರು. ಐತಾರ ಮಾತ್ರ ಅದಕ್ಕೂ ರಜಾ.”