ಭದ್ರಾವತಿಯಲ್ಲಿ ಶುರುವಾಗುವ ಸಮುದ್ರ

ನನ್ನ ಸೋದರಮಾವನ ಪ್ರಕಾರ ಬಂಗಾಳ ಕೊಲ್ಲಿ ಶುರುವಾಗುವುದು ಭದ್ರಾವತಿಯ ಹಳೇ ಸೇತುವೆಯ ಕೆಳಗೆ. ಭೂಗೋಳದ ಮೇಷ್ಟ್ರುಗಳು ಬೇಕಾದರೆ ಬಂದು ವಾದಿಸಲಿ!

ಈ ಹುಚ್ಚು ಹಿಡಿದದ್ದು ಹೊನ್ನಾವರದ ಕಡಲ ದಂಡೆಯಲ್ಲಿ. ನಾನೂ ಜೊತೆಗಿದ್ದೆ. ಮಂಕರಿಯಷ್ಟು ದೊಡ್ಡ ಆಮೆಯೊಂದು ಮರಳಿನ ಮೇಲೆ ಸತ್ತು ಬಿದ್ದಿತ್ತು. ಕಣ್ಣು ತೆರೆದೇ ಇತ್ತು. ಬಾಯಿಂದ ತಿಳಿನೀಲಿ ಕವರಿನ ಹಿಡಿಕೆ ಇಣುಕುತ್ತಿತ್ತು. ಮಾವ ಮೆಲ್ಲಗೆ ಎಳೆದರು. ಬಂತು, ಬಂತು, ಬರುತ್ತಲೇ ಇತ್ತು. ತೇಲುವ ಕವರನ್ನು ಆಮೆಗಳು ಲೋಳೆಮೀನು, ಅದೇ ಜೆಲ್ಲಿಫಿಶ್, ಎಂದುಕೊಂಡು ನುಂಗುತ್ತವಂತೆ.

"ಮಾವ, ನಮ್ಮ ಭದ್ರೆ ಈ ಸಮುದ್ರಕ್ಕೆ ಬರಲ್ಲ. ಪೂರ್ವದ ಕಡೆ ಹೋಗ್ತಾಳೆ," ಎಂದು ಸಮಾಧಾನ ಹೇಳಿದೆ.

"ಅಲ್ಲಿನ ಆಮೆಗೇನು ದೇವರು ಬೇರೆ ಗಂಟಲು ಇಟ್ಟಿದಾನೇನೋ?"

ಆಮೇಲೆ ಶುರುವಾಯಿತು ನೋಡಿ! ಬೆನ್ನಿಗೆ ರಟ್ಟಿನ ಚಿಪ್ಪು ಕಟ್ಟಿ, ಬಾಯಲ್ಲಿ ಕವರು ಕಚ್ಚಿಕೊಂಡು, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜನಜಾಗೃತಿಗೆ ಹೊರಟರು. ಬಾಯಲ್ಲಿ ಕವರಿದ್ದ ಮೇಲೆ ಭಾಷಣ ಮಾಡುವುದು ಹೇಗೆ? ಹೂವಿನವಳೊಬ್ಬಳು ಮರುಗಿ, "ಪಾಪ, ಹಲ್ಲು ನೋವಾ ಮಾರಾಯ್ರೆ?" ಎಂದು ನಾಲ್ಕು ಲವಂಗ ಕೊಟ್ಟಳು. ಕವರಿನಲ್ಲಿ ಹಾಕಿ!

ನಮ್ಮ ಕಡೆ ದೇವರಿಗೆ ಏರಿಸಿ ಬಾಡಿದ ಹೂವನ್ನು ತಿಪ್ಪೆಗೆ ಹಾಕುವುದಿಲ್ಲ. ಕವರಿಗೆ ತುಂಬಿ, ಬಿಗಿಯಾಗಿ ಗಂಟು ಹಾಕಿ, ಸೇತುವೆಯಿಂದ ಹೊಳೆಗೆಸೆದು ಕೈ ಮುಗಿಯುತ್ತೇವೆ. ಬೆಳಗಿನ ಮಂಜಿನಲ್ಲಿ ಆ ಕವರುಗಳು ಉಬ್ಬಿಕೊಂಡು ತೇಲುವುದು ನೋಡಲು ಚೆಂದವೇ. ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಹಂಪಿಯ ಬಂಡೆಗಳ ನಡುವೆ ನುಸುಳಿ, ಕೃಷ್ಣೆಯ ಕೈ ಹಿಡಿದು ಅವು ನಿಧಾನವಾಗಿ ಕಡಲಿನತ್ತ ಸಾಗುವುದನ್ನು ಮಾವ ಕಣ್ಣು ಮುಚ್ಚಿಕೊಂಡೇ ನೋಡುತ್ತಾರೆ. ಕಣ್ಣು ತೆರೆದರೆ ಕೂಗುತ್ತಾರೆ: "ಗಂಟು ಬಿಚ್ರೀ! ಹೂವು ಹೊಳೆಗೆ, ಕವರು ಮನೆಗೆ!"

ಒಂದು ಶುಕ್ರವಾರ ಹಾಗೆ ಕೂಗಿಸಿಕೊಂಡವಳು ನನ್ನ ಅಮ್ಮ. ಮಾವನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ. ಅದೂ ಅಷ್ಟು ಜನರೆದುರು!

"ಬಿಚ್ಚಲ್ಲ ಕಣೋ, ಏನ್ ಮಾಡ್ತೀಯ?" ಎಂದು ಎಸೆದೇಬಿಟ್ಟಳು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಯುಗಾದಿಯ ಹೋಳಿಗೆಯೂ ಮಾವನ ಮನೆಗೆ ಹೋಗಲಿಲ್ಲ. ಆಮೆಯ ವಿಷಯ ಎತ್ತಿದರೂ ಮಾವನ ದನಿ ಮೇಲೇಳುತ್ತಿರಲಿಲ್ಲ.

ಮೊನ್ನೆ ಅಮ್ಮ ಮತ್ತೆ ಹೂವಿನ ಕವರು ಹಿಡಿದು ನನ್ನ ಸ್ಕೂಟರು ಹತ್ತಿದಳು. ಸೇತುವೆಯ ಮೇಲೆ ನಿಲ್ಲದೆ ಪಕ್ಕದ ಮೆಟ್ಟಿಲಿಗೆ ಇಳಿದಳು. ಮಾವ ಅಲ್ಲೇ ಇದ್ದರು. ಈ ಸಲ ಕೂಗಲಿಲ್ಲ. ಅಮ್ಮ ಕೂತು ಗಂಟಿನ ಜೊತೆ ಗುದ್ದಾಡಿದಳು. ಗಂಟು ಅಲುಗಲಿಲ್ಲ. ಅವಳ ಬೆರಳುಗಳು ಮಡಿಸಿದಲ್ಲೇ ನಿಂತುಬಿಟ್ಟಿದ್ದವು.

"ಅವತ್ತೂ ಆಗ್ಲಿಲ್ಲ ಕಣೋ. ಬೆರಳಿಗೆ ವಾತ ಬಂದಿದೆ ಅಂತ ಅಷ್ಟು ಜನರ ಮುಂದೆ ಡಂಗುರ ಹೊಡೀಬೇಕಿತ್ತಾ?"

ಮಾವ ಬಂದು ಪಕ್ಕದಲ್ಲಿ ಕೂತರು. ಗಂಟನ್ನು ಹಲ್ಲಿನಿಂದ ಬಿಚ್ಚಿದರು. ಹೂವು ಹೊಳೆಗೆ ಇಳಿಯಿತು. ಆಮೇಲೆ ಅಕ್ಕನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ನೀವತೊಡಗಿದರು. ಗಾಳಿ ಬಂದು ಖಾಲಿ ಕವರನ್ನು ನೀರಿಗೆ ಒಯ್ದದ್ದು ಅವರಿಗೆ ಕಾಣಲೇ ಇಲ್ಲ.

ನಾನು ಚಪ್ಪಲಿ ಬಿಟ್ಟು ಹೊಳೆಗೆ ಇಳಿದೆ.